ಕರೆಂಟ್ ಬಂದೈತಿ

ಕರೆಂಟಿನಿಂದ ಶಾಕ್ ಹೊಡೆಸಿಕೊಂಡವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಬದುಕಿ ಉಳಿದರೆ ಎರಡು ದಿನ ಅದನ್ನೇ ಹೇಳಿಕೊಂಡು ತಿರುಗುತ್ತಾರೆ, ಕೇಳಿದವರಿಂದ ಚಹಾ ಕುಡಿಯುತ್ತಾರೆ. ನಾನು ಮಾತ್ರ ಕನ್ನಡದಿಂದ ಶಾಕ್ ಹೊಡೆಸಿದವನು. ಅದೂ ಯಾರಿಗೆ? ಹೆಣ್ಣು ಕೊಟ್ಟ ಮಾವನಿಗೆ. ನಾನು ಆಡಿದ್ದು ಒಂದೇ ಒಂದು ಶಬ್ದ. ಅದರಲ್ಲಿ ವ್ಯಾಕರಣದ ತಪ್ಪಿರಲಿಲ್ಲ, ಹೇಳಿದ ಸಂಗತಿ ಸುಳ್ಳಾಗಿರಲಿಲ್ಲ, ಉದ್ದೇಶವಂತೂ ದೇವರು ಮೆಚ್ಚುವಂಥದು. ಆದರೂ ಆ ದಿನ ಮಾವನವರು ಬಚ್ಚಲಿನಿಂದ ನಡುಮನೆಗೆ ಬಂದ ವೇಗವನ್ನು ನೆನೆಸಿಕೊಂಡರೆ ನನ್ನ ಎದೆ ಈಗಲೂ ಧಸಕ್ಕೆನ್ನುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದಾರೆ, ನಿಜ. ಶಾಕ್ ಇಲ್ಲ ಎಂದು ಅವರು ಎಲ್ಲಿಯೂ ಹೇಳಿಲ್ಲ.

ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮಾಸ್ತರ. ಬೇರೆ ಮಾಸ್ತರರ ಅಂಗಿಯ ಕಿಸೆಯಲ್ಲಿ ಒಂದು ಪೆನ್ನಿದ್ದರೆ ನನ್ನ ಕಿಸೆಯಲ್ಲಿ ಪೆನ್ನಿನ ಪಕ್ಕಕ್ಕೆ ಒಂದು ಟೆಸ್ಟರ್ ಇರುತ್ತಿತ್ತು. ಮದುವೆಯ ಫೋಟೋದಲ್ಲಿಯೂ ಇದೆ, ಬೇಕಾದರೆ ತೋರಿಸುತ್ತೇನೆ. ಎಂಬತ್ತರ ದಶಕ ಮುಗಿಯುತ್ತ ಬಂದ ಆ ಕಾಲದಲ್ಲಿ ನಮ್ಮ ಓಣಿಯಲ್ಲಿ ಮೊದಲು ಮಿಕ್ಸರ್ ತಂದವನು ನಾನು. ಬಾಗಿಲಿಗೆ ಹಕ್ಕಿಯ ಹಾಗೆ ಚಿಲಿಪಿಲಿ ಎನ್ನುವ ಬೆಲ್ ಕೂಡಿಸಿದವನು ನಾನು. ಮನೆಯಲ್ಲಿ ಏನೇ ಕೆಟ್ಟರೂ, ಒಮ್ಮೊಮ್ಮೆ ಕೆಡುವ ಮೊದಲೇ, ಬಿಚ್ಚಿ ಕೂಡಿಸುವವನು ನಾನು. ಕೂಡಿಸಿದ ಮೇಲೆ ಯಾವಾಗಲೂ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು. ಕಂಪನಿಯವರು ಹೆಚ್ಚಿಗೆ ಹಾಕಿರುತ್ತಾರೆ ಎಂಬುದು ನನ್ನ ಸಿದ್ಧಾಂತ. ನನ್ನ ಹೆಂಡತಿ ಮಹಾದೇವಿ ಅವನ್ನೆಲ್ಲ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. "ಡಬ್ಬಿ ತುಂಬ್ಲಿ ತಡೀರಿ, ಇದರಾಗ ಇನ್ನೊಂದ ಮಿಕ್ಸರ್ ಆಗ್ತೇತಿ" ಎನ್ನುತ್ತಿದ್ದಳು.

ಮಹಾದೇವಿಯ ತವರು ಕಾಗವಾಡ. ಮಾವನವರಿಗೆ ಕಬ್ಬು, ದ್ರಾಕ್ಷಿ ಎರಡೂ ಇದ್ದವು. ತೋಟದ ಬಾವಿಗೆ ಮೋಟಾರು ಇತ್ತು, ಮನೆಯಲ್ಲಿ ಲೈಟು ಇದ್ದವು, ಆದರೆ ಅಡುಗೆಮನೆಯೊಳಗೆ ಕರೆಂಟಿಗೆ ಪ್ರವೇಶವಿರಲಿಲ್ಲ. "ಬೆಂಕಿ ಇದ್ದಲ್ಲಿ ಕರೆಂಟ್ ಬ್ಯಾಡ. ಇಬ್ಬರೂ ಸಿಟ್ಟಿನವ್ರು" ಎಂಬುದು ಅವರ ವಾದ. ಇದರಿಂದ ಕಷ್ಟಕ್ಕೆ ಬಿದ್ದವರು ನಮ್ಮ ಅತ್ತೆ. ಆ ಮನೆಯಲ್ಲಿ ದಿನಾಲೂ ತೋಟದ ಆಳುಗಳಿಗೆ ರೊಟ್ಟಿಯ ಜೊತೆ ಶೇಂಗಾ ಚಟ್ನಿಯೋ ಕೆಂಪು ಖಾರವೋ ಆಗಲೇಬೇಕು, ಎಲ್ಲವೂ ಒರಳಿನಲ್ಲಿಯೇ ಆಗಬೇಕು. ಕುಟ್ಟಿ ಕುಟ್ಟಿ, ಅರೆದು ಅರೆದು ಅತ್ತೆಯ ಬಲಗೈ ಮಣಿಕಟ್ಟು ಬಾತುಬಿಟ್ಟಿತ್ತು. ಮಿರಜಿನ ಡಾಕ್ಟರು ಪಟ್ಟಿ ಸುತ್ತಿ, ಇನ್ನು ಒರಳು ಮುಟ್ಟಬಾರದೆಂದು ಹೇಳಿದ್ದರು. ಅತ್ತೆ ಪಟ್ಟಿ ಸುತ್ತಿಕೊಂಡೇ ಅರೆಯುತ್ತಿದ್ದರು. ಅದನ್ನು ನೋಡಿ ಬಂದ ಮಹಾದೇವಿ ಎರಡು ದಿನ ನಮ್ಮ ಮಿಕ್ಸರಿನ ಬಟನ್ ಒತ್ತುವಾಗೆಲ್ಲ ಅಳುತ್ತಿದ್ದಳು.

ಕೊನೆಗೆ ಅವಳೇ ತವರಿಗೆ ಹೋಗಿ ಅಪ್ಪನ ಮುಂದೆ ಹಟ ಹಿಡಿದು ಕುಳಿತಳು. ಮಾವನವರು ಬಹಳ ಹೊತ್ತು ಮೀಸೆ ತಿರುವಿ ತೀರ್ಪು ಕೊಟ್ಟರು. "ನಾ ನಿಮ್ಮ ಮನಿಗಿ ಬಂದು ಎರಡ ದಿನಾ ಇರ್ತೀನಿ. ಈ ಕರೆಂಟಿನ ಸಾಮಾನಗೋಳ ಜೋಡಿ ಸಂಸಾರ ಮಾಡಿ ನೋಡ್ತೀನಿ. ಎಲ್ಲಾ ಸುರಳೀತ ಆತಂದ್ರ ನಿಮ್ಮವ್ವಗ ಮಿಕ್ಸರ್. ಇಲ್ಲಂದ್ರ ಮತ್ತ ಆ ಹೆಸರ ತಗೀಬಾರ್ದು." ಮಹಾದೇವಿ ವಾಪಸು ಬಂದು ಇದನ್ನು ನನಗೆ ಹೇಳಿ, "ನೋಡ್ರಿ, ಅವ್ವನ ಕೈ ಈಗ ನಿಮ್ಮ ಕೈಯಾಗ ಐತಿ" ಅಂದಳು. ನಾನು ಟೆಸ್ಟರ್ ಮುಟ್ಟಿ ಆಣೆ ಮಾಡಿದೆ.

ಮಾವನವರು ಬಂದರು. ಬಿಳಿ ರುಮಾಲು, ಕೈಯಲ್ಲಿ ದ್ರಾಕ್ಷಿಯ ಬುಟ್ಟಿ. ಬಾಗಿಲಲ್ಲಿ ನಿಂತು ಬೆಲ್ ಒತ್ತಿದರು, ಚಿಲಿಪಿಲಿ ಎಂದಿತು. ಮತ್ತೆ ಒತ್ತಿದರು. "ಅಳಿಯಂದಿರ, ಹಕ್ಕಿ ಹಿಡದು ಡಬ್ಬ್ಯಾಗ ಹಾಕೀರೇನು? ಪಾಪ ಬರ್ತೇತಿ" ಅಂದರು. ನಾನು ಅದರೊಳಗಿನ ಸರ್ಕೀಟು ವಿವರಿಸಲು ಹೊರಟೆ, ಮಹಾದೇವಿ ಕಣ್ಣಲ್ಲೇ ತಡೆದಳು. ಆ ದಿನವೆಲ್ಲ ನನ್ನ ಪುಣ್ಯಕ್ಕೆ ಒಂದು ಅಪಶಕುನವೂ ಆಗಲಿಲ್ಲ. ಇಸ್ತ್ರಿ ಮಾಡಿ ಅವರ ಧೋತರ ಕೊಟ್ಟೆ, ಸುಡಲಿಲ್ಲ. ಸ್ಟೆಬಿಲೈಜರ್ ಟಕ್ ಎಂದಾಗ ಒಮ್ಮೆ ಎದ್ದು ನಿಂತರು, ಮತ್ತೆ ತಾವೇ ಕುಳಿತರು. ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಮಾಡಿ ಬಡಿಸಿದೆವು. ಮಾವನವರು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. "ಕಲ್ಲಿನ ರುಚಿ ಇಲ್ಲ," ಅಂದರು. ಮತ್ತೊಮ್ಮೆ ಚಪ್ಪರಿಸಿ, "ಕಲ್ಲೂ ಇಲ್ಲ ಬಿಡು, ಹಲ್ಲಿಗೆ ಚಲೋ ಆತು" ಎಂದು ಇನ್ನೊಂದು ಸಲ ಹಾಕಿಸಿಕೊಂಡರು. ಮಹಾದೇವಿ ನನ್ನ ಕಡೆ ನೋಡಿ ನಕ್ಕಳು. ಮದುವೆಯಾದ ಮೇಲೆ ನನ್ನ ವಿಜ್ಞಾನವನ್ನು ನೋಡಿ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಸ್ನಾನ. ಕಾಗವಾಡದ ಮನೆಯಲ್ಲಿ ಹಂಡೆಗೆ ಕಟ್ಟಿಗೆ ಹಾಕಿ ಕಾಯಿಸಿದ ನೀರು. ನಮ್ಮಲ್ಲಿ ಬಕೆಟ್ಟಿನೊಳಗೆ ಇಳಿಬಿಟ್ಟು ನೀರು ಕಾಯಿಸುವ ಕರೆಂಟಿನ ಕಾಯಿಲ್. ಅದರ ಸ್ವಿಚ್ಚನ್ನು ಸುರಕ್ಷತೆಯ ದೃಷ್ಟಿಯಿಂದ ನಾನೇ ಬಚ್ಚಲಿನ ಹೊರಗೆ, ನಡುಮನೆಯ ಗೋಡೆಗೆ ಕೂಡಿಸಿದ್ದೆ. ಕಾಯಿಲ್ ಸ್ವಲ್ಪ ಹಳೆಯದು, ನೀರಿಗೆ ಕರೆಂಟು ಬಿಡುತ್ತಿತ್ತು. ನಮಗೆ ಅದು ರೂಢಿಯಾಗಿತ್ತು. ಆರಿಸಿದ ಮೇಲೆಯೇ ನೀರು ಮುಟ್ಟುವುದು ಮನೆಯ ಪದ್ಧತಿ. ಮಾವನವರಿಗೂ ಬಿಡಿಸಿ ಹೇಳಿದೆ. "ಮಾವಾರ, ನೀರಿಗೆ ಈಗ ಕೈ ಹಚ್ಚಬ್ಯಾಡ್ರಿ. ನೀರು ಕಾದ ಮ್ಯಾಲೆ ನಾ ಇಲ್ಲಿಂದ ಬಂದ್ ಮಾಡಿ, ಒದರಿ ಹೇಳ್ತೀನಿ. ಆಮ್ಯಾಲೆ ತಂಬಿಗಿ ಹಾಕ್ರಿ." ಮಾವನವರು ಒಪ್ಪಿ, ಪಂಚೆ ಉಟ್ಟು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಮಣೆಯ ಮೇಲೆ ಕುಳಿತರು. ನಾನು ಸ್ವಿಚ್ ಹಾಕಿ, ಕನ್ನಡಿಯ ಮುಂದೆ ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತ ನಿಂತೆ.

ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಕಡೆ ಅದೇನು ಹೊಸದಲ್ಲ, ಕರೆಂಟು ಇದ್ದರೇ ಜನ ಹೊರಗೆ ಬಂದು ಯಾಕೆಂದು ವಿಚಾರಿಸುತ್ತಿದ್ದ ಕಾಲ ಅದು. ನಾನು ಗಡ್ಡ ಹೆರೆಯತೊಡಗಿದೆ. ಅರ್ಧ ಗಡ್ಡ ಹೆರೆಯುವುದರೊಳಗೆ ನಡುಮನೆಯ ಲೈಟು ಮತ್ತೆ ಹತ್ತಿತು. ಆಗ ನನ್ನ ವಿಜ್ಞಾನಿಯ ಬುದ್ಧಿ ಚುರುಕಾಯಿತು. ಕರೆಂಟು ಹೋದದ್ದು ಒಳಗಿದ್ದ ಮಾವನವರಿಗೂ ಗೊತ್ತಾಗಿರಬಹುದು, ಈಗೇನೂ ಭಯವಿಲ್ಲವೆಂದು ಅವರು ನೀರಿಗೆ ಕೈ ಹಾಕಿದರೆ ಗತಿಯೇನು ಎಂದು ಗಾಬರಿಯಾಯಿತು. ಸ್ವಿಚ್ ಆರಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮಹಾದೇವಿಯೂ ಅದನ್ನೇ ಕೇಳಿದ್ದಾಳೆ, ಈಗಲೂ ಕೇಳುತ್ತಾಳೆ. ನನ್ನ ಕೈತುಂಬ ಸೋಪಿತ್ತು. ಬಾಯಿ ಖಾಲಿ ಇತ್ತು. ಆದ್ದರಿಂದ ಬಾಯಿಯನ್ನೇ ಉಪಯೋಗಿಸಿದೆ.

"ಮಾವಾರ, ಕರೆಂಟ್ ಬಂದೈತ್ರಿ."

ಒಳಗಿನಿಂದ ಮಾವನವರ ದನಿ ಬಂತು. "ಬಂದೈತೇನ್ರಿ?"

"ಹೌದ್ರಿ, ಬಂದೈತಿ."

"ಖಾತ್ರಿ?"

"ಪಕ್ಕಾ ಖಾತ್ರಿರಿ. ನಾನ ಕಣ್ಣಾರೆ ನೋಡೇನಿ."

"ಆತು, ಆತು."

ಎಷ್ಟು ವಿಧೇಯರಾದ ಹಿರಿಯರು ಎಂದು ಮೆಚ್ಚಿಕೊಂಡು ನಾನು ರೇಜರ್ ಎತ್ತಿದೆ. ಒಳಗೆ ಮೊದಲು ತಂಬಿಗೆ ಗೋಡೆಗೆ ಬಡಿದ ಸದ್ದಾಯಿತು. ಆಮೇಲೆ "ಮಲ್ಲಯ್ಯಾ, ಏಳಕೋಟಿ" ಎಂದು ಒಂದು ಕೂಗು ಎದ್ದಿತು. ಮಂಗಸೂಳಿಯ ಮಲ್ಲಯ್ಯ ಅವರ ಮನೆದೇವರು. ಅವನು ಗುಡಿಯಲ್ಲೇ ಎಚ್ಚೆತ್ತಿರಬೇಕು, ಅಷ್ಟು ಜೋರಾಗಿತ್ತು. ಬಾಗಿಲು ತೆರೆಯಿತೋ ಮುರಿಯಿತೋ ನಾನು ನೋಡಲಿಲ್ಲ. ತಿರುಗಿ ನೋಡಿದಾಗ ಮಾವನವರು ಒದ್ದೆ ಪಂಚೆಯಲ್ಲಿ ನಡುಮನೆಯ ನಟ್ಟನಡುವೆ ನಿಂತಿದ್ದರು. ಮೀಸೆಯ ಕೂದಲು ಎರಡೂ ಕಡೆ ಸೆಟೆದು ನಿಂತಿತ್ತು. ನಾನು ಹೌಹಾರಿ ಅರ್ಧ ಗಡ್ಡದಲ್ಲಿ ಕಂಬದ ಹಾಗೆ ನಿಂತುಬಿಟ್ಟೆ. ಮಹಾದೇವಿ ಓಡಿ ಬಂದು ಸ್ವಿಚ್ ಆರಿಸಿದಳು, ಅಪ್ಪನನ್ನು ಕೂಡಿಸಿ, ಟಾವೆಲ್ ಹೊದಿಸಿ, ಅಂಗೈ ತಿಕ್ಕಿದಳು. ಏನೂ ಆಗಿಲ್ಲವೆಂದು ಖಾತ್ರಿಯಾಗಲು ಅವರು ಒಂದು ಲೋಟ ಬಿಸಿ ಹಾಲು ಕುಡಿಯುವಷ್ಟು ಹೊತ್ತು ಹಿಡಿಯಿತು. ಆಮೇಲೆ ಮಾವನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಳಿಯಂದಿರ, ನೀವು ಕರೆಂಟ್ ಬಂದೈತಿ ಅಂದ್ರಿ."

"ಹೌದ್ರಿ, ಬಂದಿತ್ತು."

"ಬಂದಿದ್ರ ಹೊಡೀತ್ಯಾಕ?"

"ಬಂದಿತ್ತಂತನ ಹೊಡೀತ್ರಿ."

ಮಾವನವರು ಮಗಳ ಕಡೆ ತಿರುಗಿದರು. "ಇವ್ರು ಕಾಲೇಜಿನ್ಯಾಗೂ ಹಿಂಗ ಕಲಸ್ತಾರೇನವಾ?"

ಗಂಟು ಬಿಡಿಸಿದವಳು ಮಹಾದೇವಿ. "ಅಪ್ಪಾ, ಇವ್ರು ಕರೆಂಟ್ ಬಂತು ಅಂತ ಹೇಳ್ಯಾರ. ನೀ ಕರೆಂಟ್ ಬಂದ್ ಆತು ಅಂತ ತಿಳ್ಕೊಂಡಿ" ಅಂದಳು. ಕೇಳಿ ಮಾವನವರು ಬೆರಗಾದರು, ನಾನು ಅವರಿಗಿಂತ ಹೆಚ್ಚು ಬೆರಗಾದೆ. ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತಿನೊಳಗೆ ಇಂಥದೊಂದು ಲೀಕೇಜ್ ಇದೆಯೆಂದು ನನಗೆ ಹೊಳೆದೇ ಇರಲಿಲ್ಲ. ನೋಡಿ, ನಮ್ಮದು ಗಡಿನಾಡು. ಅರ್ಧ ಮಾತು ಕನ್ನಡದ್ದು, ಅರ್ಧ ಮರಾಠಿಯಿಂದ ಕೈಗಡ ತಂದದ್ದು. ಬರುವುದಕ್ಕೂ 'ಬಂದೈತಿ', ಬಂದ್ ಆಗಿರುವುದಕ್ಕೂ 'ಬಂದೈತಿ'. ಬರೆಯುವಾಗ ನಡುವೆ ಜಾಗ ಬಿಡಬಹುದು, ಆಡುವಾಗ ಎಲ್ಲಿ ಬಿಡುವುದು? ಅಂಗಡಿ ಬಂದೈತಿ ಅಂದರೆ ಬಾಗಿಲು ಹಾಕಿದೆ ಎಂದು ತಿಳಿಯುತ್ತದೆ, ಯಾಕೆಂದರೆ ಅಂಗಡಿ ನಡೆದು ಬರುವುದಿಲ್ಲ. ನಿಪ್ಪಾಣಿ ಬಸ್ ಬಂದೈತಿ ಅಂದರೆ ಓಡಿ ಹಿಡಿಯಬೇಕೋ, ತಿರುಗಿ ಮನೆಗೆ ಹೋಗಬೇಕೋ? ಹೇಳಿದವನ ಮುಖ ನೋಡಿ ನಿರ್ಧರಿಸುತ್ತೇವೆ. ಇಷ್ಟು ದಿನ ಹೀಗೆ ಮುಖ ನೋಡಿಯೇ ಬದುಕಿಕೊಂಡು ಬಂದಿದ್ದೆವು. ಆ ದಿನ ಬಚ್ಚಲಿನ ಬಾಗಿಲು ಹಾಕಿತ್ತು.

ಮಾವನವರು ಎರಡನೆಯ ದಿನ ಪೂರ್ತಿ ಮಾಡಲಿಲ್ಲ. ರುಮಾಲು ಸುತ್ತಿಕೊಂಡು ಹತ್ತರ ಬಸ್ಸಿಗೆ ಹೊರಟರು. ಹೋಗುವಾಗ ಬೆಲ್ಲನ್ನು ಛತ್ರಿಯ ತುದಿಯಿಂದ ದೂರ ನಿಂತು ಒತ್ತಿ, ಚಿಲಿಪಿಲಿ ಕೇಳಿ, ತಲೆ ಅಲ್ಲಾಡಿಸಿದರು. ಮಹಾದೇವಿ ಅಡುಗೆಮನೆಯಲ್ಲಿ ಮಿಕ್ಸರಿನ ಮುಂದೆ ಕುಳಿತಿದ್ದಳು. "ಮುಗೀತು. ಅವ್ವನ ಕೈಗೆ ಇನ್ನ ಒಳ್ಳಕಲ್ಲ ಗತಿ," ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಅದೇ ನನಗೆ ಬಹಳ ಕೆಟ್ಟದೆನಿಸಿತು. ಕಾಯಿಲನ್ನು ತೆಗೆದು ಗುಜರಿಯವನಿಗೆ ಹಾಕಿಬಿಟ್ಟೆ.

ಕೆಲವು ದಿನ ಬಿಟ್ಟು, ಕ್ಷಮೆ ಕೇಳಲೆಂದು ಇಬ್ಬರೂ ಕಾಗವಾಡಕ್ಕೆ ಹೋದೆವು. ಹಿತ್ತಲ ಕಡೆಯಿಂದ ಗರ್ರ್ ಎಂದು ಸದ್ದು ಕೇಳಿಸಿತು. ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿರಬೇಕು ಎಂದುಕೊಂಡೆ. ಒಳಗೆ ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಮಿಕ್ಸರ್! ಅತ್ತೆ ಪಟ್ಟಿ ಬಿಚ್ಚಿದ ಕೈಯನ್ನು ಮುಚ್ಚಳದ ಮೇಲಿಟ್ಟು, ನೆರೆಮನೆಯವರಿಗೂ ಕೇಳಲಿ ಎಂಬಂತೆ ಖಾರ ಅರೆಯುತ್ತಿದ್ದರು. ಮಾವನವರು ಸ್ವಿಚ್ಚಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕುಳಿತಿದ್ದರು. ನಾನು ಹೊಸ್ತಿಲಲ್ಲೇ ನಿಂತು ಕಣ್ಣರಳಿಸಿ ನೋಡಿದೆ.

"ಏನ್ರಿ ಅಳಿಯಂದಿರ, ಹಂಗ್ಯಾಕ ನೋಡಾಕತ್ತೀರಿ?" ಅಂದರು ಮಾವ. "ಹಾಯೋ ಎತ್ತು ಅಂತ ಯಾವನರ ಎತ್ತ ಮಾರ್ತಾನೇನು? ಹಾಯೋ ಎತ್ತಿನ ಮೈಯಾಗ ಕಸುವಿರ್ತೇತಿ. ಕರೆಂಟಿನ ಕಸುವು ನನ್ನ ಕೈಗೆ ಗೊತ್ತಾತು. ಅಂಥಾದ್ದು ನಿಮ್ಮತ್ತಿ ಕೈಯಾಗ ದುಡೀಲಿ ಅಂತ ತಂದೆ." ಆ ಮನೆಯಲ್ಲಿ ಹೊಸ ಕಾಯಿದೆಯೂ ಜಾರಿಯಾಗಿತ್ತು. ಕರೆಂಟಿನ ವಿಷಯದಲ್ಲಿ ಯಾರೂ 'ಬಂದೈತಿ' ಅನ್ನಕೂಡದು. ದೀಪಕ್ಕೆ ಅಂದ ಹಾಗೆ 'ಹತ್ತೇತಿ', 'ಆರೇತಿ' ಅನ್ನಬೇಕು. ಮಹಾದೇವಿ ಅವ್ವನ ಕೈ ಹಿಡಿದುಕೊಂಡು ಅತ್ತಳು, ನಕ್ಕಳು. ನಾನು ಸಂತೋಷದಿಂದ ಮಿಕ್ಸರಿನ ಪ್ಲಗ್ ಬಿಗಿಯಾಗಿದೆಯೋ ನೋಡೋಣವೆಂದು ಕಿಸೆಯಿಂದ ಟೆಸ್ಟರ್ ತೆಗೆದೆ. ಮಾವನವರು ಕುರ್ಚಿಯಿಂದ ಎದ್ದು ಅಡ್ಡ ನಿಂತರು. "ನೀವು ಹೊರಗ ಕಟ್ಟಿ ಮ್ಯಾಲ ಕುಂಡ್ರರಿ. ಗಾಳಿ ಚಲೋ ಐತಿ," ಅಂದರು.

ವರ್ಷಗಳು ಕಳೆದವು. ತೊಂಬತ್ತರ ದಶಕದಲ್ಲಿ ಅವರ ಮನೆಗೂ ನಮ್ಮ ಮನೆಗೂ ಫೋನು ಬಂತು. ಒಂದು ರವಿವಾರ ಮಾವನವರೇ ಫೋನು ಮಾಡಿದರು. "ಅಳಿಯಂದಿರ, ಮಿಕ್ಸರ್ ಬಂದೈತಿ. ಬಂದು ಹೋಗ್ರಿ." ಹೇಳಬಾರದು, ಆದರೂ ಹೇಳುತ್ತೇನೆ, ಮಿಕ್ಸರ್ ಕೆಟ್ಟಿತೆಂದು ಕೇಳಿ ನನಗೆ ಆನಂದವಾಯಿತು. ಕೊನೆಗೂ ನನ್ನ ಅವಶ್ಯಕತೆ ಬಿತ್ತು, ಮಾವನವರು ಹಳೆಯದನ್ನು ಮರೆತರು ಎಂದುಕೊಂಡೆ. ಸ್ಕ್ರೂಡ್ರೈವರ್, ಟೆಸ್ಟರ್, ಹೊಸ ಕಾರ್ಬನ್ ಬ್ರಶ್, ಕೊನೆಗೆ ಮಹಾದೇವಿಯ ಸ್ಕ್ರೂ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಕೃಷ್ಣೆಯ ಸೇತುವೆ ದಾಟುವಾಗ, ಬಿಚ್ಚಿದ ಮೇಲೆ ಮೊದಲು ಏನು ನೋಡಬೇಕೆಂದು ಕಿಟಕಿಯ ಪಕ್ಕದವರಿಗೆ ವಿವರಿಸುತ್ತಿದ್ದೆ.

ಅಡುಗೆಮನೆಯ ಕಟ್ಟೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು, ಹೂ ಏರಿಸಿಕೊಂಡು ಹೊಚ್ಚ ಹೊಸ ಮಿಕ್ಸರ್ ಕುಳಿತಿತ್ತು. ನಾನು ಚೀಲ ಹಿಡಿದು ಹಾಗೇ ನಿಂತೆ.

"ಬಂದೈತಿ ಅಂದಿದ್ರಿ?" ಅಂದೆ.

"ಬಂದೈತಲ್ರಿ, ಕಾಣೂದಿಲ್ಲೇನು? ಹೊಸಾದು. ಚಟ್ನಿ ರೊಟ್ಟಿ ಉಂಡ ಹೋಗ್ರಿ ಅಂತ ಕರದೆ."

"ಹಂಗಾರ ಹಳೇದು?"

ಮಾವನವರು ನನ್ನ ಚೀಲವನ್ನೂ, ಅದರಿಂದ ಹೊರಗೆ ಇಣುಕುತ್ತಿದ್ದ ಸ್ಕ್ರೂಡ್ರೈವರನ್ನೂ ನೋಡಿದರು.

"ಅದೂ ಬಂದೈತಿ," ಅಂದರು. "ಅಳಿಯಂದಿರನ್ನ ಕರಸಿ ರಿಪೇರಿ ಮಾಡ್ಸೂನು ಅಂದ್ಲು ನಿಮ್ಮತ್ತಿ. ಅದಕ್ಕ ಹೊಸಾದ ತಂದೆ."