ಕೇಶರಬಾಯಿಯ ಅರ್ಧ ಮುಖ

ಆ ಭಾನುವಾರ ಏಕನಾಥ ಒಂದು ತುಂಬೆ ಹೂವನ್ನು ಎರಡೂವರೆ ತಾಸು ನೋಡಿದ. ಕೇಶರಬಾಯಿಗೆ ಇದು ಖಚಿತವಾಗಿ ಗೊತ್ತು, ಏಕೆಂದರೆ ಅಷ್ಟೂ ಹೊತ್ತು ಅವಳು ಅವನನ್ನು ನೋಡುತ್ತಿದ್ದಳು.

ಹೂವಾದರೂ ಎಷ್ಟು ದೊಡ್ಡದು? ನಾಲ್ಕು ಜೋಳದ ಕಾಳು ಜೋಡಿಸಿಟ್ಟಷ್ಟು. ಅದನ್ನು ಭೂತಗನ್ನಡಿಯ ಕೆಳಗಿಟ್ಟು, ಅದರ ಮೇಲ್ದುಟಿಯ ರೋಮಗಳನ್ನು ಒಂದೊಂದಾಗಿ ವಿಚಾರಿಸಿ, ಮಸಿಯಲ್ಲಿ ಲೇಖನಿಯ ಸೂಜಿಯಂಥ ಮುಳ್ಳು ಅದ್ದಿ ಕಾಗದದ ಮೇಲೆ ಚುಕ್ಕೆ ಇಡುತ್ತಿದ್ದ. ಚುಕ್ಕೆ ಒತ್ತಾಗಿದ್ದಲ್ಲಿ ನೆರಳು, ವಿರಳವಾಗಿದ್ದಲ್ಲಿ ಬೆಳಕು. ಹುಮನಾಬಾದಿನ ಕಾಲೇಜಿನಲ್ಲಿ ಅವನು ಸಸ್ಯಶಾಸ್ತ್ರದ ಮಾಸ್ತರ. ತಾಲೂಕಿನ ಗಿಡಮೂಲಿಕೆಗಳ ಪುಸ್ತಕವೊಂದಕ್ಕೆ ನೂರು ಚಿತ್ರ ಬರೆದುಕೊಡುವ ಕೆಲಸವನ್ನೂ ತಲೆಯ ಮೇಲೆ ಹೊತ್ತಿದ್ದ. ಕಾಲೇಜಿನ ವಿಜ್ಞಾನದವರು ಅವನನ್ನು ಕಲಾವಿದ ಎನ್ನುತ್ತಿದ್ದರು, ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ವಿಜ್ಞಾನಿ ಎನ್ನುತ್ತಿದ್ದರು. (ಎರಡೂ ಕಡೆಯವರು ಹೊಗಳುತ್ತಿದ್ದಾರೆ ಎಂದು ಅವನೊಬ್ಬನೇ ತಿಳಿದಿದ್ದ.)

ಮದುವೆಯಾದ ಹೊಸದರಲ್ಲಿ ಬಸವಕಲ್ಯಾಣದ ಅವಳ ತವರಿಗೆ ಹೋದಾಗಲೇ ಕೇಶರಬಾಯಿಗೆ ತನ್ನ ಹಣೆಬರಹದ ಒಂದು ಇಣುಕುನೋಟ ಸಿಕ್ಕಿತ್ತು. ಹೋಳಿಗೆ ಬಡಿಸಿ ಕಾದರೆ ಅಳಿಯಂದಿರ ಪತ್ತೆಯಿಲ್ಲ. ಅಪ್ಪ ತುಳಜಾರಾಮ ಊರೆಲ್ಲ ಹುಡುಕಿ ಕೊನೆಗೆ ಮನೆಯ ಹಿಂದಿನ ತಿಪ್ಪೆಯ ಅಂಚಿನಲ್ಲಿ ಅವನನ್ನು ಕಂಡುಹಿಡಿದರು. ಹೊಸ ಧೋತರ ಮೊಣಕಾಲಿಗೆ ಎತ್ತಿಕಟ್ಟಿ, ಕುಕ್ಕರುಗಾಲಿನಲ್ಲಿ ಕೂತು, ಒಂದು ಕಳೆಗಿಡದ ಮುಖ ನೋಡುತ್ತಿದ್ದ.

"ಬರ್ರಿ ಅಳಿಯಂದ್ರ, ಊಟಾ ಆರಾಕತ್ತದ," ಎಂದರೆ, "ಮಾವಾರ, ಇದು ನನ್ನ ಪಟ್ಟಿಯಾಗ ಇರ್ಲಿಲ್ರಿ," ಎಂದನಂತೆ.

ಅದಾಗಿ ಎರಡು ವರ್ಷ. ಏಕನಾಥ ಗದರುವವನಲ್ಲ, ಮುನಿಯುವವನಲ್ಲ, ಸಾರಿನಲ್ಲಿ ಉಪ್ಪಿಲ್ಲದಿದ್ದರೂ ಉಂಡು ಏಳುವವನು. ಅದೇ ಅವಳ ದುಃಖ. ಹೊಸ ಸೀರೆ ಉಟ್ಟರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಬಂಗಾರ ಬೇಡ, ಹೈದರಾಬಾದು ಬೇಡ. ಆ ಹೂವನ್ನು ನೋಡುವ ಹಾಗೆ ಒಂದು ಸಲ, ಒಂದೇ ಒಂದು ಸಲ, ತನ್ನ ಕಡೆ ನೋಡಲಿ ಎಂಬುದಷ್ಟೇ ಅವಳ ಆಸೆ. ಆದರೆ ಇದನ್ನು ಬಾಯಿಬಿಟ್ಟು ಕೇಳುವುದು ಹೇಗೆ?

ಪಕ್ಕದ ಮನೆಯ ಸರ್ದಾರಬಿ ದಾರಿ ತೋರಿಸಿದಳು. ಗೋಡೆಯ ಆಚೆ ಅವಳು ಅಕ್ಕಿ ಆರಿಸುತ್ತಿದ್ದಳು, ಈಚೆ ಇವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

"ನಿಮ್ಮ ಮಾಸ್ತರ ಬರೀಬೇಕಂದ್ರ ಮದ್ಲ ನೋಡ್ತಾರೋ ಇಲ್ಲೋ?"

"ನೋಡ್ತಾರ ಆಪಾ. ಕಣ್ಣ ಕಿತ್ತು ಅದರಾಗ ಇಟ್ಟಂಗ ನೋಡ್ತಾರ."

"ಹಂಗಾದ್ರ ನಿನ್ನ ತಸ್ವೀರ್ ಬರೀ ಅನ್ನು. ಬರೀಬೇಕಂದ್ರ ನೋಡಲೇಬೇಕಲ್ಲ. ಎಲ್ಲಿ ಹೋಗ್ತಾರ?"

ಇಂಥ ಉಪಾಯ ಇಷ್ಟು ದಿನ ತನಗೇಕೆ ಹೊಳೆಯಲಿಲ್ಲ ಎಂದುಕೊಳ್ಳುತ್ತ ಕೇಶರಬಾಯಿ ಸೊಪ್ಪಿನ ಬದಲು ದಂಟನ್ನು ಬುಟ್ಟಿಗೆ ಹಾಕಿದಳು.

ಅಂದು ಊಟಕ್ಕೆ ಬಡಿಸುತ್ತ ವಿಷಯ ತೆಗೆದಳು. "ಅವ್ವ ಹೇಳಿ ಕಳಿಸ್ಯಾಳ್ರಿ. ನನ್ನ ಚಿತ್ರ ಒಂದು ಬೇಕಂತ."

"ಸ್ಟುಡಿಯೋಕ್ಕ ಹೋಗಿ ಬಾ. ಬಸ್ ಸ್ಟ್ಯಾಂಡಿನ ಹತ್ರ ಅದ."

"ಫೋಟೋ ಬ್ಯಾಡಂತ. ಅಳಿಯಂದ್ರ ಕೈಲೆ ಬರದದ್ದೇ ಬೇಕಂತ."

ಅವ್ವ ಪಾಪ ಇದಾವುದನ್ನೂ ಹೇಳಿರಲಿಲ್ಲ. ಏಕನಾಥ ರೊಟ್ಟಿ ಮುರಿಯುತ್ತ, "ಐತವಾರ ಕುಂದ್ರು," ಎಂದ.

ಭಾನುವಾರ ಕೇಶರಬಾಯಿ ತಲೆಗೆ ಎರೆದುಕೊಂಡು, ಹಸಿರು ಇಳಕಲ್ ಸೀರೆ ಉಟ್ಟು, ಸೇವಂತಿಗೆ ಮುಡಿದು, ಕಿಟಕಿಯ ಬಳಿ ಪಟ್ಟಾಭಿಷೇಕಕ್ಕೆ ಕೂತಂತೆ ಕೂತಳು. ಏಕನಾಥ ಬಂದ, ಬೆಳಕು ನೋಡಿದ, ಬಾಗಿ ಸೇವಂತಿಗೆಯನ್ನು ನೋಡಿದ. "ಇದು ಎಲ್ಲಿ ಸಿಕ್ತು?" ಎಂದು ಕೇಳಿದ. ಅವಳು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದಳು. ಅವನು ಆಚೆ ಹೋಗಿ ಕೂತು ಎರಡು ಸಲ ತಲೆ ಎತ್ತಿದ. ಅವಳು ಉಸಿರನ್ನು ಸರಿಮಾಡಿಕೊಳ್ಳುವಷ್ಟರಲ್ಲಿ, "ಆತು, ಏಳು," ಎಂದ.

"ಆತೇನ್ರಿ? ತುಂಬಿ ಹೂವಿಗೆ ಎರಡೂವರಿ ತಾಸು ಬೇಕಾಗಿತ್ತು."

ಅವನು ಕಾಗದ ಕೊಟ್ಟ. ನೆತ್ತಿಯಿಂದ ಮೂಗಿನ ಗುಂಟ ಗಲ್ಲದ ತನಕ ಒಂದು ನೇರ ಗೆರೆ. ಗೆರೆಯ ಒಂದು ಬದಿಗೆ ಒಂದು ಕಣ್ಣು, ಒಂದು ಹುಬ್ಬು, ಮೂಗಿನ ಅರ್ಧ, ತುಟಿಯ ಅರ್ಧ. ಇನ್ನೊಂದು ಬದಿಗೆ ಬರೀ ಬಿಳಿ ಕಾಗದ.

"ಉಳಿದದ್ದೆಲ್ಲಿ?"

"ಆ ಕಡೀನೂ ಹಿಂಗ ಇರ್ತದ. ಹೂವಿಂದೂ ನಡುವ ಸೀಳಿ ಅರ್ಧನ ಬರೀತೇವಿ. ಉಳಿದದ್ದು ನೋಡಾವ್ರು ತಿಳ್ಕೋತಾರ."

"ನಮ್ಮವ್ವ ತಿಳ್ಕೊಳ್ಳೂದಿಲ್ರಿ. ನನ್ನ ಮಗಳ ಅರ್ಧ ಮಾರಿ ಏನ್ ಮಾಡಿದ್ರು ಅಂತ ಅಳ್ತಾಳ."

"ಶಾಸ್ತ್ರದಾಗ ಹಂಗೇ ಅದ ಕೇಶರ."

"ಶಾಸ್ತ್ರದಾಗ ಮೂಗಬೊಟ್ಟು ಎರಡೂ ಕಡೆ ಇರ್ತದೇನ್ರಿ? ನಂದು ಎಡಕ್ಕ ಅದ. ನೀವು ಬಲಗಡೀ ಅರ್ಧ ಬರದೀರಿ, ಅದರಾಗ ಬೊಟ್ಟೇ ಇಲ್ಲ."

ಏಕನಾಥ ಕಾಗದದಿಂದ ತಲೆ ಎತ್ತಿದ. "ನಿನಗ ಮೂಗಬೊಟ್ಟು ಅದ?"

ಕೇಶರಬಾಯಿ ಎದ್ದು ಅಡಿಗೆಮನೆಗೆ ಹೋಗಿ ಒರಳಿನಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನು ಕುಟ್ಟತೊಡಗಿದಳು. ಆ ಮನೆಯ ಇತಿಹಾಸದಲ್ಲಿ ಅಷ್ಟು ನುಣ್ಣನೆಯ ಹಿಂಡಿ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ಏಕನಾಥನಿಗೂ ಅನ್ನ ಸೇರಲಿಲ್ಲ. ಹೆಂಡತಿ ಸಿಟ್ಟಾದದ್ದು ಒಂದು ಕಡೆಗಿರಲಿ, ಎರಡು ಬದಿಯೂ ಒಂದೇ ಅಲ್ಲದ್ದನ್ನು ಒಂದೇ ಎಂದು ಬರೆದದ್ದು ಅವನ ಮಟ್ಟಿಗೆ ಮಹಾಪರಾಧ. ಇಡೀ ವಾರ ಕಾಲೇಜಿಗೆ ತಪ್ಪಿತಸ್ಥನ ಹಾಗೆ ಹೋಗಿ ಬಂದ. ಮುಂದಿನ ಭಾನುವಾರ ತುಂಬೆಯ ಕಾಗದವನ್ನು ಎತ್ತಿಟ್ಟು, ಹೊಸ ಹಾಳೆ ತೆಗೆದು, ಅವಳನ್ನು ಕಿಟಕಿಯ ಬಳಿ ಕೂರಿಸಿ, ಸ್ಟೂಲನ್ನು ಅವಳ ಎದುರಿಗೆ ಒಂದು ಮೊಳದ ದೂರಕ್ಕೆ ಎಳೆದುಕೊಂಡ.

"ಆ ಭೂತಗನ್ನಡಿ ಬ್ಯಾಡ್ರಿ," ಎಂದಳು ಅವಳು, ಇನ್ನೂ ಬಿಗಿಯಾಗಿಯೇ. ಅವನು ಅದನ್ನು ಕಿಟಕಿಯಲ್ಲಿಟ್ಟ. ಆಮೇಲೆ ನೋಡಿದ.

ಎರಡು ವರ್ಷದಿಂದ ಬೇಡಿಕೊಂಡಿದ್ದ ಆ ನೋಟ ಬಂದೇ ಬಂತು. ಮೊದಲು ಹಣೆಯ ಮೇಲೆ ಇಳಿಯಿತು, ಹುಬ್ಬಿಗೆ ಬಂತು, ಅಲ್ಲಿ ತಡೆದು ನಿಂತಿತು. ಅದಕ್ಕೆ ಅವಸರವೇ ಇರಲಿಲ್ಲ. ಕೇಶರಬಾಯಿಯ ಕಿವಿಗಳು ಬೆಚ್ಚಗಾದವು, ಕೊರಳು ಬೆಚ್ಚಗಾಯಿತು. ಒಂದು ಗಳಿಗೆ ಮಾತ್ರ ತಡೆದುಕೊಂಡಳು. ಆಮೇಲೆ ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಂಡವು.

ಮುಳ್ಳು ಕಾಗದವನ್ನು ಕುಟುಕುವ ಸದ್ದು ಕೇಳಿಸಿತು. ನಿಂತಿತು, ಮತ್ತೆ ಕೇಳಿಸಿತು. ಸದ್ದು ನಿಂತಾಗಲೆಲ್ಲ ಅವನು ನೋಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಈಗ ತೆರೆಯಬೇಕು, ಇನ್ನೊಂದು ಚುಕ್ಕೆಯಾಗಲಿ, ತೆರೆಯುತ್ತೇನೆ ಎಂದುಕೊಂಡಳು.

"ಹುಬ್ಬಿನಾಗ ಈ ಗಾಯದ ಕಲಿ ಹ್ಯಾಂಗಾತು?" ಅವನ ದನಿ ಬಹಳ ಹತ್ತಿರವಿತ್ತು.

"ಸಣ್ಣಾಕಿ ಇದ್ದಾಗ ನಮ್ಮೂರ ಕೋಟೆ ಮೆಟ್ಟಲದ ಮ್ಯಾಲ ಬಿದ್ದಿದ್ನಿರಿ."

"ಭಾಳ ನೋವಾಗಿತ್ತೇನು?"

"ನೆನಪಿಲ್ರಿ," ಎಂದಳು. ನೆನಪಿತ್ತು.

ಮೂರು ತಾಸು ಕಳೆದು, "ಆತು," ಎಂದ ಏಕನಾಥ.

ಇಡೀ ಮುಖ ಬಂದಿತ್ತು. ಎಡಕ್ಕೆ ಮೂಗುಬೊಟ್ಟು, ಹುಬ್ಬಿನ ಕಲೆ, ಕಿವಿಯ ಹಿಂದೆ ತಪ್ಪಿಸಿಕೊಂಡ ಒಂದು ಕೂದಲು. ತಾನು ಇಷ್ಟು ಚೆಂದ ಇದ್ದೇನೆಯೇ ಎಂದು ಅವಳಿಗೇ ಅನುಮಾನವಾಯಿತು. ಆಮೇಲೆ ಕಣ್ಣಿನ ಜಾಗಕ್ಕೆ ಬಂದಳು. ಅಲ್ಲಿ ಎರಡು ರೆಪ್ಪೆಗಳು, ಒಂದೊಂದು ಕೂದಲೂ ಬಿಡದ ಹಾಗೆ, ಭದ್ರವಾಗಿ ಮುಚ್ಚಿದ್ದವು.

"ಇದೇನ್ರಿ, ಮಲಗಿದಂಗ ಬರದೀರಿ."

"ನೀ ಮುಚ್ಚಿಕೊಂಡಿದ್ದಿ."

"ತೆರಿ ಅಂತ ಅನಬೇಕಿಲ್ಲೇನ್ರಿ ಒಂದು ಮಾತು?"

"ಮುಚ್ಚಿದ ಮೊಗ್ಗಿಗೆ ತೆರಿ ಅನ್ನಾಕ ಬರೂದಿಲ್ಲ ಕೇಶರ. ಕಾಯಬೇಕು. ಕಾದೆ," ಎಂದು ಅವನು ಮಸಿಯ ಕೈ ತೊಳೆಯಲು ಬಚ್ಚಲಿಗೆ ಹೋದ.

ಅಷ್ಟರಲ್ಲಿ ಗೋಡೆಯ ಮೇಲೆ ಸರ್ದಾರಬಿಯ ತಲೆ ಕಾಣಿಸಿಕೊಂಡಿತು.

"ನೋಡಿದ್ರೇನು?"

"ನೋಡಿದ್ರು ಆಪಾ. ಮೂರು ತಾಸು."

"ಯಾ ಅಲ್ಲಾ, ಮೂರು ತಾಸು. ಹ್ಯಾಂಗ ನೋಡಿದ್ರು, ಹೇಳು."

ಕೇಶರಬಾಯಿ ಬಾಯಿ ತೆರೆದಳು. ಆ ಮೂರು ತಾಸಿನಲ್ಲಿ ಅವನ ಮುಖ ಹೇಗಿತ್ತೆಂದು ಆ ಮನೆಯಲ್ಲಿ ನೋಡಿದವರೇ ಇರಲಿಲ್ಲ.