ಡ್ರೈವರನಿಗೆ ಮೊದಲ ಗ್ಲಾಸು

ಉದ್ದಪ್ಪ ಕೆಟ್ಟದ್ದು ಒಂದು ಗ್ಲಾಸು ಶರಬತ್ತಿನಿಂದ. ಹುಕ್ಕೇರಿ-ಗೋಕಾಕ ಮೋಟಾರಿನಲ್ಲಿ ಒಂಬತ್ತು ವರ್ಷ ಕ್ಲೀನರಾಗಿ ಸವೆದು, ಬೆಳಗಾವಿಗೆ ಅಲೆದಲೆದು ಲೈಸೆನ್ಸು ತಂದಿದ್ದ. ಅವತ್ತು ಹನ್ನೆರಡರ ಗಾಡಿಗೆ ಅವನೇ ಡ್ರೈವರು. ಆ ಖುಷಿಗೆ ಮಾಲಕ ಗುರುಲಿಂಗಪ್ಪ ಬೆಳಗಾವಿಯಿಂದ ಕಟ್ಟಿಗೆ ಹೊಟ್ಟಿನಲ್ಲಿ ಹುದುಗಿಸಿದ ಮಂಜುಗಡ್ಡೆ, ಬರ್ಫ, ತರಿಸಿ, ಸ್ಟ್ಯಾಂಡಿನಲ್ಲಿದ್ದವರಿಗೆಲ್ಲ ತಣ್ಣನೆಯ ಶರಬತ್ತು ಮಾಡಿಸಿದ್ದ.

"ಮೊದಲ ಡ್ರೈವರ ಕುಡೀಲಿ," ಎಂದ.

ಹುಟ್ಟಿದಾಗಿನಿಂದ ಬರ್ಫ ಮುಟ್ಟದ ಉದ್ದಪ್ಪ ಗಟಗಟನೆ ಒಂದೇ ಉಸಿರಿಗೆ ಇಳಿಸಿಬಿಟ್ಟ. ಮರುಗಳಿಗೆಯೇ ಹುಬ್ಬುಗಳ ನಡುವೆ ಯಾರೋ ಗೂಟ ಜಡಿದಂತಾಯಿತು. ಕಣ್ಣು ಕಿವುಚಿ, ತಲೆ ಹಿಡಿದು, ಅಲ್ಲೇ ಕುಕ್ಕರಿಸಿದ.

"ಫಿಟ್ಸ ಬಂತ್ರಿ ಇವಗ," ಎಂದ ಕಂಡಕ್ಟರ್ ಸೋಮಪ್ಪ.

ಅಷ್ಟೇ ಸಾಕಾಯಿತು. ಒಬ್ಬ ಮೂಗಿಗೆ ಚಪ್ಪಲಿ ಹಿಡಿದ. ಕಾಯಿಪಲ್ಲೆ ಮಾರುವ ಸಾವಂತ್ರೆವ್ವ ಉಳ್ಳಾಗಡ್ಡಿ ಜಜ್ಜಿಕೊಂಡು ಓಡಿ ಬಂದಳು. ಫಿಟ್ಸಿಗೆ ಕೈಯಲ್ಲಿ ಕಬ್ಬಿಣ ಹಿಡಿಸಬೇಕೆಂದು ಗುರುಲಿಂಗಪ್ಪ ಗಾಡಿಯ ಚಾವಿಯನ್ನೇ ಅವನ ಮುಷ್ಟಿಗೆ ತುರುಕಿದ. ಒಂಬತ್ತು ವರ್ಷ ಕನಸು ಕಂಡ ಚಾವಿ ಕೈಗೆ ಬಂದದ್ದು ಹೀಗೆ, ಔಷಧವಾಗಿ.

ಅರ್ಧ ನಿಮಿಷಕ್ಕೆ ನೋವು ಇಳಿಯಿತು.

"ನನಗೇನೂ ಆಗಿಲ್ರಿ. ಥಂಡಿಗೆ ತಲಿ ಹಿಡೀತು, ಅಷ್ಟ."

"ಫಿಟ್ಸ ಬಂದವರಿಗೆ ನೆನಪ ಇರೂದಿಲ್ಲಪಾ," ಎಂದಳು ಸಾವಂತ್ರೆವ್ವ ಮರುಕದಿಂದ. "ನಮ್ಮ ಮೈದುನಾನೂ ಹಿಂಗ ಅಂತಿದ್ದ."

ಗುರುಲಿಂಗಪ್ಪ ಚಾವಿ ಕಸಿದುಕೊಂಡ. "ಹೊಳಿ ದಾಟೂಮುಂದ ಹಿಂಗಾದ್ರ ಮಂದಿ ಗತಿ ಏನು? ಡಾಕ್ಟರ ಚೀಟಿ ತಾ, ನೋಡೂಣು."

ಉದ್ದಪ್ಪ ಓಡಿ ಡಾಕ್ಟರ್ ಕೇದಾರಿಯವರನ್ನೇ ಕರೆತಂದ. ಅವರು ಒಳ್ಳೆಯವರು, ಒಳ್ಳೆಯವರು ಮಾಡುವ ತಪ್ಪನ್ನೇ ಮಾಡಿದರು: ತಿಳಿಸಿ ಹೇಳಿದರು.

"ಬಾಯಾಗಿನ ಅಂಗುಳಕ್ಕ ಥಂಡಿ ತಟ್ಟಿದ್ರ ನೋವು ಹಣಿಗೆ ಏರತೈತ್ರಿ. ನಾಲಿಗಿ ಮ್ಯಾಲಕ್ಕ ಒತ್ತಿ ಹಿಡೀಬೇಕು, ಬೆಚ್ಚನ್ನ ನೀರ ಕುಡೀಬೇಕು. ಮುಗೀತು."

ಯಾರ ಮುಖದಲ್ಲೂ ನಂಬಿಕೆ ಕಾಣಲಿಲ್ಲ. ಕೇದಾರಿಯವರಿಗೆ ಸಿಟ್ಟು ಬಂತು. "ನಾನ ತೋರಸ್ತೇನಿ," ಎಂದು ಒಂದು ಗ್ಲಾಸು ಎತ್ತಿ ಗಟಗಟ ಕುಡಿದರು. ತಲೆ ಹಿಡಿದುಕೊಂಡರು. ನಾಲಿಗೆ ಮೇಲಕ್ಕೆ ಒತ್ತಿದ್ದರಿಂದ, ಏನಾಯಿತೆಂದು ಕೇಳಿದವರಿಗೆ "ಙ್ಞಾ, ಙ್ಞಾ" ಎಂಬುದಷ್ಟೇ ಉತ್ತರ ಬಂತು. ಚಪ್ಪಲಿಗಳು ಮತ್ತೆ ಮೇಲೆದ್ದವು.

ಸುಧಾರಿಸಿಕೊಂಡು ಅವರು ಬರೆದುಕೊಟ್ಟ ಚೀಟಿಯನ್ನು ಗುರುಲಿಂಗಪ್ಪ ಎರಡು ಬೆರಳಲ್ಲಿ ಹಿಡಿದ. "ಫಿಟ್ಸಿನವಗ ಫಿಟ್ಸಿನಾಂವ ಸಾಕ್ಷಿ," ಎಂದು ತನ್ನ ಕೋಣೆಗೆ ನಡೆದ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಉದ್ದಪ್ಪ ಕೊನೆಯ ಗ್ಲಾಸು ಹಿಡಿದು ಮಾಲಕನ ಹಿಂದೆ ಹೋದ.

"ನೀವ ಒಂದ ಸಲ ಕುಡದ ನೋಡ್ರಿ, ಸಾವ್ಕಾರ್ರ. ನನ್ನ ಅನ್ನದ ಮಾತ ಐತಿ."

ಗುರುಲಿಂಗಪ್ಪ ಬಾಗಿಲು ಮುಂದೆ ಮಾಡಿ ಕುಡಿದ. ಕುಡಿದವನೇ ಹಣೆ ಹಿಡಿದು ಮೇಜಿಗೆ ಬಾಗಿದ.

"ನಾಲಿಗಿ ಮ್ಯಾಲಕ್ಕ ಒತ್ತರಿ. ಹಾಂ, ಹಂಗ. ಹೋಗತೈತಿ."

ಹೋಯಿತು. ಉದ್ದಪ್ಪನ ಕಣ್ಣು ತುಂಬಿ ಬಂತು. "ಈಗರೆ ಖರೆ ಅನಸ್ತೇನ್ರಿ?"

"ಖರೆ ಐತಿ," ಎಂದ ಗುರುಲಿಂಗಪ್ಪ, ಕಿಟಕಿಯಾಚೆ ನೋಡುತ್ತ. "ಆದ್ರ ನನಗೂ ಹಿಂಗಾತು ಅಂತ ಹೊರಗ ಹೆಂಗ ಹೇಳ್ಲಿ? ಬರೂ ತಿಂಗಳ ಮಗಳ ಲಗ್ನ ಐತಿ. ಮನಿತನದಾಗ ಫಿಟ್ಸ ಐತಿ ಅಂದ್ರ ಬೀಗರು ಹೊಸ್ತಲ ತುಳದಾರೇನು?" ಖಾಲಿ ಗ್ಲಾಸನ್ನು ಅವನ ಕೈಗಿಟ್ಟು, ತಣ್ಣಗೆ ಹೇಳಿದ: "ನೀ ಈ ಕೋಣಿಗೆ ಬಂದಿದ್ದಿಲ್ಲ."

ಹನ್ನೆರಡರ ಗಾಡಿಗೆ ಮಾಲಕನ ತಂಗಿಯ ಮಗ ಅಣ್ಣಪ್ಪ ಡ್ರೈವರಾದ. ಅವನಿಗೆ ಗಾಡಿಯನ್ನು ಹಿಂದಕ್ಕೆ ತೆಗೆಯಲು ಬರುತ್ತಿರಲಿಲ್ಲ. ಉದ್ದಪ್ಪ ಸುಡುವ ಬಿಸಿಲಲ್ಲಿ ಗಾಡಿಯ ಹಿಂದೆ ನಿಂತು, ಕೈ ಬೀಸುತ್ತ, "ಬರ್ಲಿ, ಬರ್ಲಿ," ಎಂದು ದಾರಿ ತೋರಿಸಿದ.