ಸುಳಿ ನೋಡಿ ಕೊಂಡ ಹಾಯಿದೋಣಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಮುದ್ರದ ಗಾಳಿಯೂ ಸುಳಿಯದ ನಮ್ಮ ಚಾಮರಾಜನಗರಕ್ಕೆ ಒಂದು ಹಾಯಿದೋಣಿ ಬಂದದ್ದು ನನ್ನ ನಾಲಿಗೆಯಿಂದ. ಆಮೇಲೆ ಜನ ಮಹದೇವಪ್ಪಮಾವನನ್ನು ಬೈದರು, ದನದ ದಳ್ಳಾಳಿ ಪುಟ್ಟಮಾದಯ್ಯನನ್ನು ಬೈದರು, ಪಾಪ, ಕೆರೆಯನ್ನೂ ಬಿಡಲಿಲ್ಲ. ಆದರೆ ಬಿತ್ತಿದವನು ನಾನು. ನನಗೆ ಚಿಕ್ಕಂದಿನಿಂದ ಒಂದು ಕಾಯಿಲೆ. ಯಾರನ್ನಾದರೂ ಸ್ವಲ್ಪ ಹೊತ್ತು ನೋಡಿದರೆ ಸಾಕು, ಅವರ ದನಿ ಬಂದು ನನ್ನ ಗಂಟಲಲ್ಲಿ ಬಿಡಾರ ಹೂಡಿಬಿಡುತ್ತದೆ. ಅಮಲ್ದಾರರು ಮೂಗಿನಲ್ಲೇ ಗದರಿಸುವುದು, ನಮ್ಮ ಹೆಡ್‌ಮಾಸ್ಟರು ಪ್ರತಿ ಮಾತಿಗೂ ಮುಂಚೆ ಪಂಚೆ ಬಿಗಿ ಮಾಡಿಕೊಳ್ಳುವುದು, ನಮ್ಮಜ್ಜಿ 'ಬ್ಯಾಡ ಬ್ಯಾಡ' ಎನ್ನುತ್ತಲೇ ಇನ್ನೊಂದು ಒಬ್ಬಟ್ಟಿಗೆ ಎಲೆಯನ್ನು ಮುಂದಕ್ಕೆ ತಳ್ಳುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನನ್ನನ್ನೇ ಅಣಕಿಸಿ ತೋರಿಸುವುದೂ ಉಂಟು. ಅದಕ್ಕೆ ಮಾತ್ರ ಯಾರೂ ನಗುವುದಿಲ್ಲ. ಅಣಕ ಶುರುವಾದದ್ದು ಎಲ್ಲಿಂದ ಎಂಬುದೇ ಗೊತ್ತಾಗುವುದಿಲ್ಲವಂತೆ.

ಮಹದೇವಪ್ಪಮಾವ ನನ್ನ ತಾಯಿಯ ತಮ್ಮ. ರೇಷ್ಮೆಗೂಡಿನ ವ್ಯಾಪಾರ, ಉಡಿಗಾಲದ ಕಡೆ ಹೊಲ, ಮನೆಯಲ್ಲಿ ಗೌರಿ ಎಂಬ ಮಗಳು. ಇವುಗಳಲ್ಲಿ ನಾನು ಆಸೆಪಟ್ಟಿದ್ದು ಕೊನೆಯದಕ್ಕೆ ಮಾತ್ರ. ಸೋದರಮಾವನ ಮಗಳೆಂದರೆ ನಮ್ಮಲ್ಲಿ ಕೇಳಿ ತರುವ ಹೆಣ್ಣು, ಕೇಳುವುದಕ್ಕೆ ಹಕ್ಕೂ ಇದೆ. ಆದರೆ ಮಾವನ ಲೆಕ್ಕದಲ್ಲಿ ನಾನು 'ಮದುವೆಮನೇಲಿ ನಗ್ಸಾಕ ಸರಿ, ಮದುವೆ ಗಂಡಾಗಾಕ ಅಲ್ಲ.' ಹೀಗಿರುವಾಗ ಮಾವನ ಎದುರುಮನೆಯ ವರ್ತಕರು ಒಂದು ಹಳೆಯ ಕಾರು ಕೊಂಡರು. ಅದು ಬೆಳಗಾದರೆ ಮಾವನ ಜಗಲಿಯ ಮುಂದೆಯೇ ಹಾರನ್ ಹೊಡೆಯುತ್ತಿತ್ತು. ಮಾವನಿಗೆ ಮುದ್ದೆ ಸೇರದಾಯಿತು. ಅವರನ್ನು ನಗಿಸಿ ಒಳ್ಳೆಯವನಾಗೋಣವೆಂದು ನಾನು ಒಂದು ಸಂಜೆ ಬಾಯಲ್ಲಿ ಬೀಡಿಯನ್ನು ಪೈಪಿನಂತೆ ಕಚ್ಚಿಕೊಂಡು, ಎಸ್ಟೇಟಿನ ದೊರೆಯ ದನಿಯಲ್ಲಿ, "ಕಾರಾ? ಕಾರು ಡ್ರೈವರೂ ಓಡಿಸ್ತಾನೆ, ಮಿಸ್ಟರ್ ಮಹಾಡೇವಪ್ಪಾ! ದೊಡ್ಡ ಮನುಷ್ಯನಿಗೆ ಬೇಕಾದ್ದು ಹಾಯಿದೋಣಿ!" ಎಂದೆ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಮಾವ ನಗಲಿಲ್ಲ. ಯೋಚಿಸತೊಡಗಿದರು.

ನನ್ನ ಗ್ರಹಚಾರಕ್ಕೆ ಅದೇ ವಾರ ಸುದ್ದಿ ಬಂತು. ನೀಲಗಿರಿಯ ತೋಟ ಮಾರಿ ಸ್ವದೇಶಕ್ಕೆ ಹೊರಟ ದೊರೆಯೊಬ್ಬ ತನ್ನ ಎರಡು ಹಳೆಯ ಹಾಯಿದೋಣಿಗಳನ್ನು ಲಾರಿಯಲ್ಲಿ ಮೈಸೂರಿಗೆ ಸಾಗಿಸುತ್ತಿದ್ದನಂತೆ. ಗುಂಡ್ಲುಪೇಟೆಯಲ್ಲಿ ಲಾರಿ ಕೆಟ್ಟು ನಿಂತಿತಂತೆ. ಗಾಡಿ ಮಾಡುವ ಅಮೀರ್ ಸಾಬರ ಅಂಗಳದಲ್ಲಿ ದೋಣಿಗಳನ್ನು ಇಳಿಸಿ, ಸಿಕ್ಕಷ್ಟಕ್ಕೆ ಮಾರಿಬಿಡಿ ಎಂದು ಹೇಳಿ ಹೋದನಂತೆ. ಮಾವ ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. "ನೀ ಬೊಂಬಾಯ್ಗ ಓಗಿದ್ದಾಗ ದೋಣಿ ಓಡ್ಸುದ್ದೆ ಅಂದಿದ್ದಲ್ಲ, ಎರಡ್ರಾಗ ಒಂದ ನೀನೇ ಆರ್ಸು. ಒಳ್ಳೇದ ಆರ್ಸುದ್ರ ಗೌರಿ ಮಾತ ಎತ್ತು, ನಾ ಬ್ಯಾಡ ಅನ್ನಕಿಲ್ಲ. ಕೆಟ್ಟದ ಆರ್ಸುದ್ಯೋ, ಕೊಳ್ಳೇಗಾಲದಿಂದ ಒಂದು ಸಂಬಂಧ ಬಂದದ. ಅವ್ರಿಗ ಮಾತು ಕೊಟ್ಬುಡ್ತೀನಿ ಕಣ್ಲಾ."

ಬೊಂಬಾಯಿಯಲ್ಲಿ ನಾನು ಮಾಡಿದ್ದೆಂದರೆ ದಡದಲ್ಲಿ ನಿಂತು ಕಡಲೆಕಾಯಿ ತಿಂದದ್ದು, ಒಂದು ಅಲೆ ಕಾಲು ನೆನೆಸಿದಾಗ ಚಪ್ಪಲಿ ಬಿಟ್ಟು ಓಡಿದ್ದು. ಊರಿಗೆ ಬಂದ ಮೇಲೆ ಕಪ್ತಾನನ ದನಿಯಲ್ಲಿ ನಾಲ್ಕು ಮಾತು ಹೆಚ್ಚು ಹೇಳಿದ್ದೆ. ಅಲ್ಲ, ನಲವತ್ತು. ಗುಂಡ್ಲುಪೇಟೆಯ ಬಸ್ಸಿನಲ್ಲಿ ಕೂತು ದೋಣಿಯ ಬಗ್ಗೆ ನನಗೆ ಗೊತ್ತಿದ್ದುದನ್ನೆಲ್ಲ ಬೆರಳಲ್ಲಿ ಎಣಿಸಲು ಹೋದೆ, ಒಂದು ಬೆರಳೂ ಮಡಿಸಬೇಕಾಗಲಿಲ್ಲ. ಒಂದೇ ಸಮಾಧಾನವೆಂದರೆ ಮಾವ ಜೊತೆಗೆ ಪುಟ್ಟಮಾದಯ್ಯನನ್ನೂ ಕರೆತಂದಿದ್ದರು. ಜನ್ಮದಲ್ಲಿ ಕೆಟ್ಟ ಎತ್ತನ್ನು ಯಾರಿಗೂ ಕೊಡಿಸದ ದಳ್ಳಾಳಿ ಎಂದು ಅವನಿಗೆ ಹೆಸರು. "ಮರ್ವೋ ಮಾಂಸ್ವೋ, ಕೊಳ್ಳದು ಕೊಳ್ಳದೇ ಅಲ್ವಾ," ಎಂದರು ಮಾವ. ಅವನು ಏನು ಹೇಳುತ್ತಾನೋ ಅದಕ್ಕೆ ಹೂಂಗುಟ್ಟಿದರಾಯಿತು ಎಂದು ನಾನು ಉಸಿರುಬಿಟ್ಟೆ.

ದೋಣಿಗಳು ಅಮೀರ್ ಸಾಬರ ಅಂಗಳದಲ್ಲಿ ದಿಮ್ಮಿಗಳ ಮೇಲೆ ಕೂತಿದ್ದವು. ಒಂದು ಬಣ್ಣ ಹೋದ ಕಂದು ದೋಣಿ, ಮರದ ಮೈ ಬರಿದಾಗಿ ಕಾಣುತ್ತಿತ್ತು. ಇನ್ನೊಂದು ಬೆಳ್ಳಗೆ ಮದುವೆಮನೆಯ ಗೋಡೆಯಂತೆ ಹೊಳೆಯುತ್ತಿತ್ತು. "ಎರಡೂ ನನ್ನ ಅಳಿಯಂದಿರ ಥರ ಸ್ವಾಮಿ," ಎಂದರು ಸಾಬರು. "ಬಂದು ಕೂತವ್ರೆ, ಏಳೋ ಮಾತೇ ಇಲ್ಲ. ಯಾವನ್ನ ಕರ್ಕೊಂಡೋದ್ರೂ ನಂಗೆ ಸಂತೋಷ."

ಪುಟ್ಟಮಾದಯ್ಯ ಕಂದು ದೋಣಿಯನ್ನು ಸುತ್ತಿದ. ಪಕ್ಕೆಗೆ ಅಂಗೈಯಿಂದ ಹೊಡೆದ. ಬೆನ್ನು ಸವರಿದ. ಮೂತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, "ಹಲ್ಲೇ ಇಲ್ಲ. ವಯಸ್ಸ ಎಂಗ ಯೋಳದು?" ಎಂದು ನಿಟ್ಟುಸಿರುಬಿಟ್ಟ. ಆಮೇಲೆ ಇದ್ದಕ್ಕಿದ್ದಂತೆ ಹಾವು ಕಂಡವನಂತೆ ಹಿಂದೆ ಜಿಗಿದ. "ಸುಳಿ! ಬುದ್ಧೀ, ಎಡಭುಜದ ಮ್ಯಾಲ ಸುಳಿ! ಈ ಸುಳಿ ಇರೋ ಎತ್ತ ಕಟ್ದೋನ ಮನೆ ಎಕ್ಕುಟ್ಟೋಯ್ತದ!" ನೋಡಿದರೆ ಹಲಗೆಯಲ್ಲಿ ಒಂದು ಗಂಟು. ಮರದಲ್ಲಿ ಕೊಂಬೆಯಿದ್ದ ಕಡೆ ಹಲಗೆಯಲ್ಲಿ ಗಂಟಿರುತ್ತದೆ, ಅಷ್ಟು ನನಗೂ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಮಾವ ನನ್ನನ್ನೇ ನೋಡುತ್ತಿದ್ದರು. ಕಂದು ದೋಣಿಯನ್ನು ನಾನು ಕೊಳ್ಳಿಸಿ, ನಾಳೆ ಮಾವನ ಮನೆಯಲ್ಲಿ ಒಂದು ಮಡಕೆ ಒಡೆದರೂ ಅದು ನನ್ನ ತಲೆಗೆ ಬರುತ್ತದೆ. ದಳ್ಳಾಳಿಯ ಜೊತೆ ಸೇರಿ ತಪ್ಪಿದರೆ ಅರ್ಧ ತಪ್ಪು ಅವನದು. ನನ್ನ ಧೈರ್ಯ ಯಾವಾಗಲೂ ಇಂಥ ಭಾಗಾಕಾರದಿಂದಲೇ ಹುಟ್ಟುವುದು. ತಕ್ಷಣ ಕಪ್ತಾನನ ದನಿ ತಂದುಕೊಂಡು, "ಬೊಂಬಾಯಿ ಬಂದರಿನಲ್ಲೂ ಎಡಭುಜ ನೋಡದೆ ಯಾರೂ ಕೊಳ್ಳುವುದಿಲ್ಲ," ಎಂದೆ. ಬಿಳಿಯದರ ಮೇಲೆ ಒಂದು ಸುಳಿಯೂ ಇರಲಿಲ್ಲ. ಬಣ್ಣ ಅಷ್ಟು ದಪ್ಪಗಿದ್ದರೆ ಆನೆಯ ಮೇಲೂ ಸುಳಿ ಕಾಣುವುದಿಲ್ಲ. ಸಾಬರು ನನ್ನ ಕಿವಿಯ ಹತ್ತಿರ ಬಂದು, "ಹೌದಾ ತಮ್ಮಾ, ಬೊಂಬಾಯ್ನಲ್ಲೂ ಇದೇನಾ?" ಎಂದು ಕೇಳಿದರು. ನಾನು ಆಕಾಶದಲ್ಲಿ ಮೋಡ ಹುಡುಕಿದೆ.

ದಳ್ಳಾಳಿಯೂ ಸಾಬರೂ ಟವಲಿನ ಕೆಳಗೆ ಬೆರಳು ಹಿಡಿದು ಬಿಳಿ ದೋಣಿಯ ವ್ಯಾಪಾರ ಕುದುರಿಸಿದರು. ಅಷ್ಟಕ್ಕೇ ಮುಗಿದಿದ್ದರೆ ನಾವು ಬದುಕುತ್ತಿದ್ದೆವೋ ಏನೋ. ನಮ್ಮಲ್ಲಿ ಎತ್ತು ಮಾರಿದವನು ಹಗ್ಗ ಕೊಡುವುದಿಲ್ಲ, ಕೊಂಡವನು ಕೇಳುವುದಿಲ್ಲ. ಹಗ್ಗದ ಜೊತೆಗೆ ಕೊಟ್ಟಿಗೆಯ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎಂದು. ಪುಟ್ಟಮಾದಯ್ಯ ದೋಣಿಯನ್ನೇರಿ, ಹಾಯಿ ಏರಿಸುವ ಇಳಿಸುವ ಹಗ್ಗಗಳನ್ನೆಲ್ಲ ಬಿಚ್ಚಿ ಸಾಬರ ಕಾಲ ಬಳಿ ಹಾಕಿದ. "ನಿಮ್ಮ ಪದ್ಧತಿಗೆ ನಾನ್ಯಾಕೆ ಅಡ್ಡ ಬರ್ಲಿ," ಎಂದು ಸಾಬರು ಆ ನುಣುಪಾದ ಒಳ್ಳೆಯ ಹಗ್ಗದ ರಾಶಿಯನ್ನು ಎಷ್ಟು ಬೇಗ ಒಳಗೆ ಒಯ್ದರೆಂದರೆ ಅದರ ಬೆಲೆ ಅವರಿಗೆ ಗೊತ್ತಿದೆಯೆಂದು ನನಗೂ ಗೊತ್ತಾಯಿತು. ಪೇಟೆಯಲ್ಲಿ ಹೊಸ ದನದ ಹಗ್ಗ ಕೊಂಡು, ಜೋಡಿಗಾಡಿಯ ಮೇಲೆ ದೋಣಿ ಹೇರಿಸಿ ಹೊರಟೆವು. ತೆರಕಣಾಂಬಿಯಲ್ಲಿ ಒಬ್ಬಾಕೆ ಯಾವ ದೇವರ ಮೆರವಣಿಗೆಯೋ ಎಂದು ಕೈಮುಗಿದು ಕಾಯಿ ಒಡೆದಳು. ನನಗೆ ಅದೂ ಅಪಶಕುನವಾಗಿಯೇ ಕಂಡಿತು. ಮನಸ್ಸು ಕೆಟ್ಟಾಗ ತೆಂಗಿನಕಾಯಿಯೂ ನಮ್ಮ ತಲೆಯಂತೆಯೇ ಕಾಣುತ್ತದೆ.

ದೋಣಿ ಬಿಡುವ ದಿನ ಊರೆಲ್ಲ ಕೆರೆಯ ಏರಿಯ ಮೇಲೆ. ಎದುರುಮನೆಯವರು ಕಾರಿನಲ್ಲೇ ಬಂದು, ಇಳಿಯದೆ ನೋಡುತ್ತಿದ್ದರು. ಗೌರಿ ಹೆಂಗಸರ ಗುಂಪಿನಲ್ಲಿ ನಿಂತಿದ್ದಳು. ಪೂಜೆಯ ಚೊಂಬು ಹಿಡಿದು, ಜರಿಪೇಟ ಸುತ್ತಿ, ಮಾವ ದೋಣಿಯ ಮಧ್ಯೆ ಕೂತರು. ನಾನು ಹಗ್ಗ ಎಳೆದೆ. ದನದ ದಪ್ಪ ಹಗ್ಗ ಆ ಸಣ್ಣ ರಾಟೆಯಲ್ಲಿ ಅರ್ಧ ಓಡಿ, ಗಂಟಲಲ್ಲಿ ಮುದ್ದೆ ಸಿಕ್ಕಿದಂತೆ ಸಿಕ್ಕಿಕೊಂಡಿತು. ಹಾಯಿ ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಅಷ್ಟರಲ್ಲಿ ಬೆಟ್ಟದ ಕಡೆಯ ಗಾಳಿ ಬೀಸಿತು. ದೋಣಿ ಹೊರಟಿತು ನೋಡಿ!

"ಭಲೇ!" ಎಂದು ಮಾವ ಎದುರುಮನೆಯವರ ಕಡೆ ನೋಡಿ ಮೀಸೆ ತಿರುವಿದರು. ತಿರುವಿದ ಕೈ ಅಲ್ಲೇ ನಿಂತಿತು. "ಏನ್ಲಾ ಇದು, ಕಾಲು ನೆನಿತಾ ಅದ?"

"ಹೊಸ ನೀರಲ್ವಾ ಮಾವ, ದೋಣಿ ಬೆವರ್ತದೆ."

"ಬೆವರು ಮೊಣಕಾಲ್ಗಂಟ ಬತ್ತದೇನ್ಲಾ?"

ಬಿಳಿ ಬಣ್ಣ ಮುಚ್ಚಿದ್ದ ಬಿರುಕುಗಳಿಂದ ನೀರು ಬುಗ್ಗೆಯಾಗಿ ಬರುತ್ತಿತ್ತು. ಮಾವ ಪೂಜೆಯ ಚೊಂಬಿನಿಂದ ಮೊಗೆದು ಮೊಗೆದು ಸುರಿಯತೊಡಗಿದರು. "ಇಳ್ಸ್ಲಾ ಆ ಬಟ್ಟೆಯ!" ಎಂದರು. ನಾನು ಹಗ್ಗಕ್ಕೆ ಜೋತುಬಿದ್ದೆ, ಹಲ್ಲಿನಲ್ಲಿ ಕಚ್ಚಿ ಎಳೆದೆ. ಕಪ್ತಾನ, ಅಮಲ್ದಾರ, ಎಸ್ಟೇಟಿನ ದೊರೆ, ಯಾರೂ ನೆರವಿಗೆ ಬರಲಿಲ್ಲ. ಗಂಟಲಿನಿಂದ ಹೊರಟದ್ದು ಆಡಿನಂಥ ಒಂದು ದನಿ. "ಮಾವಾ, ನಂಗೆ ದೋಣಿ ಗೊತ್ತಿಲ್ಲ. ಈಜೂ ಬರಲ್ಲ."

"ಯೋಳಾಕ ಒಳ್ಳೆ ಜಾಗ ಸಿಕ್ತು ನಿಂಗ," ಎಂದು ಮಾವ ಮೊಗೆಯುತ್ತಲೇ ಇದ್ದರು.

ಆಚೆ ದಡದ ಜೊಂಡಿನೊಳಕ್ಕೆ ದೋಣಿ ನುಗ್ಗಿ ಕೆಸರಿನಲ್ಲಿ ಹೂತು ನಿಂತಿತು. ಅದರಿಂದ ನಮ್ಮಿಬ್ಬರ ಜೀವ ಉಳಿಯಿತು, ನನ್ನ ಮಾನ ಮಾತ್ರ ಉಳಿಯಲಿಲ್ಲ. ಎಂಟು ಜನ, ಎರಡು ಎತ್ತು ಸೇರಿ ಎಳೆದ ಮೇಲೆ ನಾವು ದಡ ಕಂಡೆವು. ಪುಟ್ಟಮಾದಯ್ಯ, "ದೋಣಿ ಜಾತಿ ಒಳ್ಳೇದೇಯ, ಗಳಿಗೆ ಸರಿಯಿಲ್ಲ," ಎಂದು ಎಲ್ಲರಿಗೂ ಹೇಳುತ್ತಿದ್ದ.

ಗೌರಿ ಒಣ ಟವಲು ಹಿಡಿದು ಓಡಿಬಂದಳು. ಸೊಂಟದವರೆಗೆ ಕೆಸರಾಗಿದ್ದ ಮಾವ ಊರಿನವರೆದುರಿಗೇ ನನ್ನ ಕಡೆ ಬೆರಳು ಚಾಚಿದರು. "ನೋಡವ್ವ ಇವನ! ಒಂದು ಮರದ ದೋಣಿ ಆರ್ಸಾಕ ಬರ್ನಿಲ್ಲ. ಇವತ್ತೇ ಕೊಳ್ಳೇಗಾಲಕ್ಕ ಯೋಳಿ ಕಳಿಸ್ತೀನಿ. ಇಂಥೋನ ಕಟ್ಕಂಡು ನೀ ಏನ್ ಮಾಡೀಯೆ?"

ಗೌರಿ ಟವಲನ್ನು ನನಗೆ ಕೊಡಲಿಲ್ಲ, ಅಪ್ಪನಿಗೆ ಕೊಟ್ಟಳು. ಆಮೇಲೆ ಕಿವಿಯಲ್ಲಿ ಜೊಂಡು ಸಿಕ್ಕಿಸಿಕೊಂಡು ನಡುಗುತ್ತಿದ್ದ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ ಹೇಳಿದಳು:

"ಅಪ್ಪ, ದೋಣಿಯ ದಡಕ್ಕ ಎಳಿಯಾಕ ಎಂಟಾಳು ಎರಡೆತ್ತು ಬೇಕಾಯ್ತು. ಭಾವನ ಎಳಿಯಾಕ ನಾನೊಬ್ಳೇ ಸಾಕು. ಕೊಳ್ಳೇಗಾಲದೋರ್ಗ ಬ್ಯಾಡ ಅಂತ ಯೋಳ್ಬುಡು."